ಜಮೇದಾರರು ಒಪ್ಪಿದ ಸೋಪು

ಕೆಲವರಿಗೆ ಕಸುಬು ಕೈಯಲ್ಲಿರುತ್ತದೆ, ಕೆಲವರಿಗೆ ಬಾಯಲ್ಲಿ. ನಾನು ಎರಡನೆಯ ಗುಂಪಿನವನು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಬೆವರು ಸುರಿಸಿ ನೇಗಿಲು ಕೆತ್ತುತ್ತಿದ್ದರೆ ಪಕ್ಕದಲ್ಲಿ ನಿಂತು "ಇದೇನು ಮಹಾ" ಅನ್ನುವುದು ನನ್ನ ಹುಟ್ಟುಗುಣ. ಹಾಗೆ ಅಂದ ಮೇಲೆ ಆ ಕೆಲಸ ಮಾಡಿ ತೋರಿಸಬೇಕಾಗಿ ಬರುತ್ತದಲ್ಲ, ಅದು ನನ್ನ ಹಣೆಬರಹ. ನಮ್ಮ ತಾತ ಬದುಕಿದ್ದಾಗ ನನ್ನ ಕಡೆ ಕೈತೋರಿಸಿ, "ಇವನ ನಾಲಿಗೇಗೆ ಒಂದು ಮೂಗುದಾರ ಆಕ್ಬೇಕು ಕಣ್ಲಾ" ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ಎತ್ತುಗಳಿಗೆ ಮಾತ್ರ ಹಾಕಿಸಿದರು. ಅದರ ಫಲವನ್ನು ಬಹಳ ವರ್ಷಗಳ ಮೇಲೆ ನನ್ನ ಹೆಂಡತಿ ಸಾಕಮ್ಮ ಉಂಡಳು.

ಆಗ ಯುದ್ಧದ ಕಾಲ. ನಾನು ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಊರಿಗಾಂಗೆ ಹೋಗಿ, ಅಲ್ಲಿನ ಚಿನ್ನದ ಗಣಿಯೊಂದರ ಉಗ್ರಾಣದಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಅಂಗಡಿಗಳಿಂದ ಸೋಪು ಮೆಲ್ಲಗೆ ಕಾಣೆಯಾಗುತ್ತಾ ಬಂದಿತ್ತು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನನ್ನು ಸೋಪು ಕೇಳಿದರೆ, ತೀರಿಕೊಂಡ ನೆಂಟರ ಹೆಸರು ಎತ್ತಿದ ಹಾಗೆ ನಿಟ್ಟುಸಿರು ಬಿಡುತ್ತಿದ್ದ. ನಮ್ಮ ಮನೆಗೆ ಅದರಿಂದ ಕಷ್ಟವೇನೂ ಇರಲಿಲ್ಲ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಪಾತ್ರೆಗೆ ಬೂದಿ. ಬಟ್ಟೆ ಅಗಸರ ಮನೆಗೆ ಹೋಗುತ್ತಿತ್ತು. ಕಷ್ಟಕ್ಕೆ ಬಿದ್ದವನು ನನ್ನ ಪಕ್ಕದ ಮೇಜಿನ ಮುನಿಸ್ವಾಮಿ. ಗಣಿ ಕೂಲಿಗಳ ಲೈನುಮನೆಯಲ್ಲಿ ಹುಟ್ಟಿ ಬೆಳೆದವನು, ಘಮಘಮ ಸೋಪಿಲ್ಲದೆ ಅವನಿಗೆ ಸ್ನಾನ ಸೇರದು. "ಎನ್ನಪ್ಪಾ ಕಾಲ ಇದು! ಒಂದು ಬಿಲ್ಲೆ ಸೋಪಿಗೆ ಗತಿ ಇಲ್ಲ ಅಣ್ಣಾ" ಎಂದು ಅವನು ಗೋಳಾಡಿದಾಗ ನಾನು ಸುಮ್ಮನಿರಬೇಕಾಗಿತ್ತು. "ಸೋಪು ಏನು ಮಹಾ? ಎಣ್ಣೆ, ಸೋಡಾ, ಅಷ್ಟೇ. ಮನೇಲಿ ಮಾಡಿ ಆಫೀಸಿನ ಆರು ಜನಕ್ಕೂ ಒಂದೊಂದು ಬಿಲ್ಲೆ ತಂದುಕೊಡ್ತೀನಿ" ಅಂದುಬಿಟ್ಟೆ. ಮಾರನೆಯ ದಿನದಿಂದ ಉಗ್ರಾಣದಲ್ಲಿ ನಮಸ್ಕಾರ ಹೇಳುವ ಪದ್ಧತಿಯೇ ನಿಂತುಹೋಯಿತು. ನಾನು ಒಳಗೆ ಕಾಲಿಟ್ಟರೆ ಆರೂ ಜನ, "ಸೋಪ್ ಎಲ್ಲಿ ಅಣ್ಣಾ?"

ಸೋಪಿನ ಬಗ್ಗೆ ನನಗಿದ್ದ ವಿದ್ಯೆಯೆಲ್ಲ ಕಡಲೆಕಾಯಿ ಕಟ್ಟಿಕೊಟ್ಟಿದ್ದ ಒಂದು ಹರಿದ ಹಾಳೆಯದು. ಯಾವುದೋ ಪತ್ರಿಕೆಯ ಹಾಳೆ. ಎಣ್ಣೆ ಎಷ್ಟು, ಕಾಸ್ಟಿಕ್ ಸೋಡಾ ಎಷ್ಟು, ಹೇಗೆ ತಿರುವಬೇಕು ಎಲ್ಲ ಇತ್ತು. ಕೊನೆಯಲ್ಲಿ "ಎಚ್ಚರಿಕೆ: ಪಾತ್ರೆಯು ಎಂದಿಗೂ" ಎಂದಿದ್ದು, ಅಲ್ಲಿಗೆ ಹಾಳೆ ಹರಿದಿತ್ತು. ಪಾತ್ರೆ ಎಂದಿಗೂ ಕೊಳಕಾಗಿರಬಾರದು ಎಂದಿರಬೇಕೆಂದು ಊಹಿಸಿ, ಮನೆಯಲ್ಲಿ ಎಲ್ಲಕ್ಕಿಂತ ಹೊಳೆಯುತ್ತಿದ್ದ ಪಾತ್ರೆಯನ್ನೇ ಆರಿಸಿದೆ. ಅದು ಸಾಕಮ್ಮನ ಅಣ್ಣ ಹಬ್ಬಕ್ಕೆ ಕೊಟ್ಟಿದ್ದ ಹೊಸ ಅಲ್ಯೂಮಿನಿಯಂ ಪಾತ್ರೆ. ಸೋಡಾ ನೀರು ಹುಯ್ದದ್ದೇ ತಡ, ಕೆಳಗೆ ಒಂದು ಕಡ್ಡಿ ಉರಿಯಿಲ್ಲದೆ ಅದು ಕುದಿಯತೊಡಗಿತು. ನಾನು ಹಿತ್ತಲ ಗೋಡೆಯವರೆಗೆ ಹಿಂದಕ್ಕೆ ಸರಿದೆ. ಶಾಂತವಾದ ಮೇಲೆ ಚೆಲ್ಲಿ ಎತ್ತಿ ನೋಡಿದರೆ ಪಾತ್ರೆಯ ತಳದಲ್ಲಿ ಆಕಾಶ ಕಾಣುತ್ತಿತ್ತು.

ಸಾಕಮ್ಮ ಕೂಗಾಡಲಿಲ್ಲ. ಅವಳು ಕೂಗಾಡದಿದ್ದಾಗಲೇ ನನಗೆ ಹೆಚ್ಚು ಭಯ. ಪಾತ್ರೆಯ ತೂತಿನೊಳಗೆ ಬೆರಳು ತೂರಿಸಿ ಆಡಿಸುತ್ತಾ ಹೇಳಿದಳು: "ನೋಡಿ, ಯುಗಾದಿ ಒಳಗೆ ನೀವು ಮಾಡಿದ್ದನ್ನ ಒಬ್ರಾದ್ರೂ ಸೋಪು ಅಂತ ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ಆ ಸೋಡಾ ಡಬ್ಬ ತಿಪ್ಪೆಗೋಗ್ತದೆ. ಇನ್ಮೇಲೆ ಯಾರ ಅತ್ರಾನೂ ನೀವು 'ಏನು ಮಹಾ' ಅನ್ನಂಗಿಲ್ಲ. ಅವ್ವನ ಮುಂದೆ ಆಣೆ ಮಾಡಿ."

ಅವ್ವ, ಅಂದರೆ ನನ್ನ ತಾಯಿ, ಜಗಲಿಯ ಮೇಲೆ ಸಾಕ್ಷಿಗೆ ಸಿದ್ಧವಾಗಿ ಕೂತಿದ್ದರು. ಆಣೆ ಮಾಡಿದೆ. ಡಬ್ಬ ಹೋದರೆ ಹೋಗಲಿ, ಆದರೆ "ಏನು ಮಹಾ" ಅನ್ನದೆ ನಾನು ಬದುಕುವುದು ಹೇಗೆ? ಮಾತನ್ನೇ ಕಳೆದುಕೊಂಡ ಹಾಗೆ.

ಎರಡನೆಯ ಸಲ ಮಣ್ಣಿನ ಮಡಕೆಯಲ್ಲಿ ಮಾಡಿದೆ. ಅದು ಎಂಟು ದಿನವಾದರೂ ಗಟ್ಟಿಯಾಗದೆ ಅಂಬಲಿಯ ಹಾಗೆ ಉಳಿಯಿತು. ಮೂರನೆಯ ಸಲ ಗಟ್ಟಿಯಾಗಲೆಂದು ಸೋಡಾ ಜಾಸ್ತಿ ಹಾಕಿದೆ. ಅಂಗೈ ಸುಲಿದು, ಮೂರು ದಿನ ರಾಗಿಮುದ್ದೆಯನ್ನು ಚಮಚದಲ್ಲಿ ತಿಂದೆ. ನಮ್ಮ ವಂಶದಲ್ಲಿ ಅಂಥ ಕೆಲಸ ಮಾಡಿದವರು ಯಾರೂ ಇಲ್ಲವೆಂದು ಅವ್ವ ಮುಖ ತಿರುಗಿಸಿಕೊಂಡು ಉಂಡರು.

ನಾಲ್ಕನೆಯ ಸಲ ಎಲ್ಲ ಸರಿಹೋಗುತ್ತಿತ್ತು, ಎಣ್ಣೆಯ ವಾಸನೆಯೊಂದನ್ನು ಬಿಟ್ಟು. ಎತ್ತಿನ ಕತ್ತಿನ ಗಾಯಕ್ಕೆ ಹಚ್ಚಲು ಅವ್ವ ಇಟ್ಟುಕೊಂಡಿದ್ದ ಹೊಂಗೆ ಎಣ್ಣೆ ಅದು. ವಾಸನೆ ಅಡಗಲಿ, ಚಿನ್ನದ ಗಣಿಯ ಸೋಪಿಗೆ ಚಿನ್ನದ ಬಣ್ಣವೂ ಬರಲಿ ಎಂದು ಎರಡು ಹಿಡಿ ಅರಿಶಿನ ಸುರಿದೆ. ಕಣ್ಣೆದುರೇ ಮಡಕೆಯ ತುಂಬ ಕೆಂಪಾಯಿತು.

ಅವ್ವ ಎದೆ ಹಿಡಿದುಕೊಂಡು ನಕ್ಕರು. "ಆರತಿ ನೀರು ಎಂಗೆ ಮಾಡ್ತಾರೆ ಅಂತ ನೋಡಿಲ್ವೇನ್ಲಾ? ಅರಿಶಿನಕ್ಕೆ ಸುಣ್ಣ ಸೇರಿದ್ರೆ ಏನಾಗ್ತದೆ? ಆಡೋ ಕೂಸಿಗೂ ಗೊತ್ತು. ನಿನ್ನ ಸೋಡಾನೂ ಸುಣ್ಣದ ತಮ್ಮನೇ ಕಣ್ಲಾ. ಈಗ ಅದ್ನ ಸೋಪಿಗೆ ದೃಷ್ಟಿ ತೆಗ್ದು ಬೀದೀಗೆ ಚೆಲ್ಲು, ಓಗು."

ಆದರೆ ಈ ಸಲ ಅದು ಗಟ್ಟಿಯಾಯಿತು. ಕತ್ತರಿಸಿದೆ, ಆರು ಕೆಂಪು ಬಿಲ್ಲೆ, ಥೇಟು ಇಟ್ಟಿಗೆ. ಒಂದರ ಅಂಚನ್ನು ಬಾವಿಕಟ್ಟೆಯ ಮೇಲೆ ನೀರು ಹಾಕಿ ಉಜ್ಜಿದೆ. ನೊರೆ ಬರಲಿಲ್ಲ. ಒಡೆದ ಹಾಲಿನಂಥ ಗಸಿ ಬಂತು. ಇನ್ನೂ ಉಜ್ಜಿದೆ, ಇನ್ನೂ ಗಸಿ. "ಇನ್ನೊಸಿ ಉಜ್ಜಪ್ಪಾ, ಮಜ್ಜಿಗೇನಾದ್ರೂ ಕಡೀಬೋದು" ಎಂದರು ಅವ್ವ. ಯುಗಾದಿಗೆ ಐದೇ ದಿನ ಉಳಿದಿತ್ತು.

ಮಾರನೆಯ ದಿನ ನೋಟದಲ್ಲಾದರೂ ಸೋಪಿನಂತಿದೆ, ಕಾಗದ ಸುತ್ತಿ ಕೊಟ್ಟುಬಿಡೋಣ ಎಂದು ಆರೂ ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಊರಿಗಾಂಗೆ ಹೋದೆ. ಚೀಲಕ್ಕೆ ಕೈ ಹಾಕಿದಾಗಲೆಲ್ಲ ಆ ಗಸಿ ಕಣ್ಣಿಗೆ ಕಟ್ಟಿತು. ಧೈರ್ಯ ಸಾಲದೆ ಸಂಜೆ ಆರನ್ನೂ ಹಾಗೇ ಹೊತ್ತು ಗೇಟಿಗೆ ಬಂದೆ. ನಾನು ಮರೆತದ್ದು ಒಂದೇ. ಗಣಿಯೊಳಕ್ಕೆ ಏನನ್ನು ಒಯ್ದರೂ ಕೇಳುವವರಿಲ್ಲ. ಹೊರಕ್ಕೆ ಬರುವಾಗ ಬೆವರನ್ನೂ ಒರೆಸಿ ನೋಡುತ್ತಾರೆ. ಅದರಲ್ಲೂ ಚಿನ್ನ ಕರಗಿಸುವ ಕುಲುಮೆಯ ಇಟ್ಟಿಗೆ ವರ್ಷಗಟ್ಟಲೆ ಚಿನ್ನ ಕುಡಿದಿರುತ್ತದೆ. ಹಳೆಯದಾದರೆ ಅದನ್ನೂ ಪುಡಿ ಮಾಡಿ ಚಿನ್ನ ತೆಗೆಯುತ್ತಾರೆ. ಅಲ್ಲಿಂದ ಇಟ್ಟಿಗೆ ಕದಿಯುವುದೂ ಚಿನ್ನ ಕದಿಯುವುದೂ ಒಂದೇ ಲೆಕ್ಕ.

ಗೇಟಿನ ಜಮೇದಾರರು ಮೀಸೆ ಎತ್ತಿದರು. "ಏಮಯ್ಯಾ, ಚೀಲ ಇಷ್ಟು ಜೋತುಬಿದ್ದದೆ. ಏನದು?"

"ಸೋಪು, ಜಮೇದಾರರೇ."

ಬಿಚ್ಚಿದರು. "ನಾನು ಸೋಪು ನೋಡಿಲ್ಲ ಅಂದ್ಕೊಂಡ್ಯಾ? ಇದು ಇಟ್ಟಿಗೆ. ಯಾವ ಕುಲುಮೇದು, ಹೇಳು."

"ಮನೇಲಿ ಮಾಡಿದ್ದು."

"ಓಹೋ, ಮನೇಲೇ ಕುಲುಮೆ ಇಟ್ಟಿದ್ದೀಯಾ!"

ಪಾಳಿ ಬದಲಾಗುವ ಹೊತ್ತು. ಗಣಿಯಿಂದ ಮೇಲೆ ಬಂದವರು, ಇಳಿಯಲು ಬಂದವರು, ಉಗ್ರಾಣದ ಆರು ಜನ, ಎಲ್ಲ ಸುತ್ತ ನೆರೆದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನನಗೆ ಎಷ್ಟು ವರ್ಷ ಶಿಕ್ಷೆಯಾಗಬಹುದೆಂಬ ಚರ್ಚೆ ನಡೆಯಿತು. ಜಮೇದಾರರು ಒಂದು ಬಿಲ್ಲೆಯನ್ನು ಚಾಕುವಿನಿಂದ ಸೀಳಿ, ಮೂಸಿ, ಸೀನಿ, ತೀರ್ಪು ಕೊಟ್ಟರು. "ಸೋಪಾದ್ರೆ ನೊರೆ ಬರ್ಬೇಕಲ್ಲ? ಬಾ ಕೊಳಾಯಿ ಅತ್ರ. ನೊರೆ ಬಂತೋ, ಮನೇಗೋಗು. ಬರ್ಲಿಲ್ವೋ, ನಡಿ ದೊರೆ ಅತ್ರ."

ಅದು ನೊರೆ ಕೊಡುವುದಿಲ್ಲವೆಂದು ಆ ಜನರಲ್ಲೆಲ್ಲ ಗೊತ್ತಿದ್ದವನು ನಾನೊಬ್ಬನೇ. ಕೆಲಸ ಹೋಯಿತು, ಮಾನ ಹೋಯಿತು ಎಂದುಕೊಂಡು ಕಣ್ಣುಮುಚ್ಚಿ ಉಜ್ಜಿದೆ. ಬೆರಳ ಸಂದಿಯಲ್ಲಿ ಏನೋ ಮೆತ್ತಗೆ ಉಬ್ಬಿತು. ಕಣ್ಣು ಬಿಟ್ಟರೆ ಮೊಣಕೈವರೆಗೂ ನೊರೆ!

"ನುರೈ ವಂದುಡುಚ್ಚು!" ಎಂದು ಮುನಿಸ್ವಾಮಿ ಕುಣಿದ. ನಾನು ಮುಖಕ್ಕೂ ಹಚ್ಚಿಕೊಂಡೆ, ಕತ್ತಿಗೂ ಹಚ್ಚಿಕೊಂಡೆ. "ಸಾಕು ಬಿಡಯ್ಯಾ" ಎಂದು ಜಮೇದಾರರು ಅಂದರೂ, "ಇನ್ನೊಂದು ಸಲ ನೋಡಿ, ಸರಿಯಾಗಿ ನೋಡಿ" ಎಂದು ಅವರ ಕೈಯನ್ನೇ ಎಳೆದುಕೊಂಡು ತೊಳೆದೆ. ಜನ ಬಿಲ್ಲೆಗಳಿಗೆ ಮುಗಿಬಿದ್ದರು. ಸೀಳಿದ್ದ ಅರ್ಧ ತುಂಡು ಮಾತ್ರ ನನಗೆ ಉಳಿಯಿತು. ಆಮೇಲೆ ಜಮೇದಾರರ ಮುಂದೆ ಕೈಮುಗಿದು, ಇದು ಸೋಪೆಂದು ಒಂದು ಚೀಟಿ ಬರೆದುಕೊಡಿ ಎಂದೆ. "ಚೀಟಿ ಬರೀಬೇಡಿ ಅಂತ ಕಾಲಿಗೆ ಬಿದ್ದೋರ್ನ ಕಂಡಿದ್ದೀನಿ. ಬರ್ಕೊಡಿ ಅನ್ನೋನು ನೀನೇ ಮೊದ್ಲು" ಎಂದು ಗೊಣಗುತ್ತಾ ಬರೆದರು: "ಪರೀಕ್ಷಿಸಿದೆ. ಸೋಪು."

ಸಾಕಮ್ಮ ಚೀಟಿಯನ್ನು ಎರಡು ಸಲ ಓದಿದಳು. ಬಾವಿಯಿಂದ ಒಂದು ಚೆಂಬು ನೀರು ಸೇದಿ ಆ ತುಂಡನ್ನು ಉಜ್ಜಿದಳು. ಗಸಿ. "ಜಮೇದಾರ್ರಿಗೆ ಏನು ಕೊಟ್ರಿ?" ಎಂದು ಕೇಳಿದಳು.

ಮಾರನೆಯ ದಿನ ಉಗ್ರಾಣದಲ್ಲಿ ಈ ರಹಸ್ಯ ಬಿಡಿಸಿದವನು ಮುನಿಸ್ವಾಮಿ. "ನಿಮ್ಮ ಬಾವಿ ನೀರಲ್ಲಿ ಬೇಳೆ ಬೇಯುತ್ತಾ ಅಣ್ಣಾ?" ಎಂದ. ಎಲ್ಲಿ ಬೇಯುತ್ತದೆ? ನಮ್ಮ ಬೀದಿಯ ಹೆಂಗಸರೆಲ್ಲ ಬೆಳಗ್ಗೆ ಎದ್ದು ಬೇಳೆಗೆ ಬಯ್ಯುವವರೇ. "ಉಪ್ಪು ನೀರು. ಅದರಲ್ಲಿ ಬೇಳೆ ಬೇಯಲ್ಲ, ಸೋಪ್ ನೊರೆ ಬರಲ್ಲ. ಇಲ್ಲಿ ಕೊಳಾಯೀಲಿ ಬರೋದು ಬೇತಮಂಗಲದ ಕೆರೆಯ ಸಿಹಿನೀರು." ಸೀಗೆಕಾಯಿ ಯಾವ ನೀರಿಗೂ ಹೊಂದಿಕೊಂಡು ಹೋಗುವ ಪ್ರಾಣಿ, ಹಾಗಾಗಿ ನಮಗೆ ಇಷ್ಟು ಕಾಲ ಗೊತ್ತೇ ಆಗಿರಲಿಲ್ಲ.

ಯುಗಾದಿಗೆ ಎರಡು ದಿನ ಇದೆ ಎನ್ನುವಾಗ ಒಂದು ಹಿತ್ತಾಳೆ ಬಿಂದಿಗೆ ತುಂಬ ಊರಿಗಾಂ ನೀರು ಹಿಡಿದು, ರೈಲಿನಲ್ಲಿ ಅವರಿವರ ಕಾಲ ಮೇಲೆ ಚೆಲ್ಲಿ ಬೈಸಿಕೊಂಡು ಮನೆಗೆ ತಂದೆ. ಸಾಕಮ್ಮನ ಮುಂದೆ ಕೂತು ಉಜ್ಜಿದೆ. ನೊರೆ ಉಕ್ಕಿತು. "ಸೋಪೇ ಕಣಮ್ಮಿ! ನನ್ಮಗ ಗೆದ್ದ" ಎಂದರು ಅವ್ವ. ನಾನು ಎದೆ ಉಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಅವಳು ನೊರೆಯನ್ನು ನೋಡುತ್ತಿರಲಿಲ್ಲ. ಬಿಂದಿಗೆಯೊಳಗೆ ಬಗ್ಗಿ ನೋಡುತ್ತಿದ್ದಳು.

"ಸರಿ, ಸೋಪು. ಒಪ್ಕೊಂಡೆ. ಆ ಕೈ ತೆಗೀರಿ ಅತ್ಲಾಗೆ, ಇನ್ನೂ ಅರ್ಧ ಬಿಂದಿಗೆ ಮಿಕ್ಕದೆ" ಎಂದು ಬಿಂದಿಗೆಯನ್ನು ಒಳಗೆ ಹೊತ್ತುಕೊಂಡು ಹೋದಳು. ಅವತ್ತು ನಮ್ಮ ಮನೆಯಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು. ಯುಗಾದಿಯ ದಿನ ನೆಂಟರು ಒಬ್ಬಟ್ಟಿನ ಹೂರಣವನ್ನು ಹೊಗಳಿ ಹೊಗಳಿ ತಿಂದರು. ಸೋಪಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಒಂದು ಚೆಂಬು ನೀರು ಉಳಿಸಿದ್ದರೆ ನನ್ನ ಸೋಪಿನಲ್ಲಿ ನಾನೇ ಹಬ್ಬದ ಸ್ನಾನ ಮಾಡುತ್ತಿದ್ದೆ ಎಂದಿದ್ದಕ್ಕೆ ಸಾಕಮ್ಮ, "ಅಂಥಾ ನೀರ್ನ ಯಾರಾದ್ರೂ ಮೈಮೇಲೆ ಸುರ್ಕೊಳ್ತಾರಾ?" ಎಂದಳು.

ಅಂದಿನಿಂದ ದಿನಕ್ಕೊಂದು ಬಿಂದಿಗೆ ನೀರು ನಿಗದಿಯಾಯಿತು. ಸಂಜೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಜನ ನನ್ನನ್ನು ಕಂಡೊಡನೆ ಒತ್ತಿಕೊಂಡು ಕೂತು ಬೆಂಚಿನ ಮೇಲೆ ಜಾಗ ಬಿಡುತ್ತಿದ್ದರು. ಅಲ್ಲಿ ಬಿಂದಿಗೆ ಕೂರುತ್ತಿತ್ತು. ನಾನು ಅದರ ಕುತ್ತಿಗೆ ಹಿಡಿದುಕೊಂಡು ಬಂಗಾರಪೇಟೆಯವರೆಗೂ ನಿಂತೇ ಬರುತ್ತಿದ್ದೆ.