ಮೈಕು ಹಿಡಿದ ವಕೀಲ

ನಮ್ಮ ಕಾಕಾನಷ್ಟು ದೊಡ್ಡ ದನಿಯ ಮನುಷ್ಯ ಇಡೀ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಆ ದನಿ ಕೇಳದೆ ಉಳಿದ ಓಣಿ ಅಂತ ಒಂದಿದ್ದರೆ ಅದು ಅವನ ಸ್ವಂತ ಓಣಿ! ನಂಬುವುದಿಲ್ಲವೆ? ನಾನೂ ಅದೇ ಓಣಿಯವನು, ನನ್ನನ್ನು ಕೇಳಿ.

ಕಾಕಾ ವಕೀಲ. ರಾಣೆಬೆನ್ನೂರಿನ ನಮ್ಮ ಓಣಿಯಿಂದ ದಿನಾ ಬೆಳಗಿನ ಬಸ್ಸಿಗೆ ಹಾವೇರಿ ಕೋರ್ಟಿಗೆ ಹೋಗುತ್ತಿದ್ದ. ಕಕ್ಷಿದಾರರಿಗೇನೂ ಕೊರತೆ ಇರಲಿಲ್ಲ. ಆದರೆ ಜೀವವೆಲ್ಲ ಮೈಕಿನ ಮೇಲೆ! ರಸ್ತೆಯಲ್ಲಿ ಪ್ರಚಾರದ ರಿಕ್ಷಾ ಹೋಯಿತೆಂದರೆ ಕಕ್ಷಿದಾರನನ್ನು ಅಲ್ಲೇ ನಿಲ್ಲಿಸಿ ಅದರ ಹಿಂದೆ ಹೋಗಿಬಿಡುವನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಒಂದು ಸಂಜೆ ಕರಿ ಕೋಟನ್ನು ಗೂಟಕ್ಕೆ ಹಾಕಿದವನು ಮತ್ತೆ ಮುಟ್ಟಲಿಲ್ಲ. ಹಳೆಯ ಆಟೋ ರಿಕ್ಷಾ ಕೊಂಡು, ಅದರ ನೆತ್ತಿಯ ಮೇಲೆ ಎರಡು ಸ್ಪೀಕರು ಕಟ್ಟಿಸಿ ಹೊರಟೇಬಿಟ್ಟ. ಸೀರೆ ಸೇಲು, ಸರ್ಕಸ್ಸು, ಕಳೆದುಹೋದ ಎಮ್ಮೆ, ಸತ್ತವರ ಸುದ್ದಿ, ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ.

"ಹುಚ್ಚ ಗಿಚ್ಚ ಹಿಡದೈತೇನೋ ನಿನಗ? ಕಲತ ವಿದ್ಯಾ ಬಿಟ್ಟು ಬೀದ್ಯಾಗ ಒದರಾಕ ಹೊಂಟಿ!" ಎಂದು ನಮ್ಮಪ್ಪ ಹರಿಹಾಯ್ದ.

"ಅಣ್ಣಾ, ಕೋರ್ಟಿನ್ಯಾಗೂ ಒದರತಿದ್ದೆ. ಅಲ್ಲಿ ಒಬ್ಬರು ಕೇಳತಿದ್ರು, ಅವರೂ ತೂಕಡಸ್ತಿದ್ರು. ಇಲ್ಲಿ ಊರಿಗೆ ಊರೇ ಕೇಳತೈತಿ!"

ಊರೇನೋ ಕೇಳಿತು. ವಕೀಲಿಕೆ ಮಾತ್ರ ನಾಲಿಗೆಯಿಂದ ಹೋಗಲಿಲ್ಲ. "ಸದರಿ ಎಮ್ಮೆಯ ಎಡಗೊಂಬು ಮುರಿದಿದ್ದು..." ಎಂದೇ ಶುರು. ಬ್ಯಾಡಗಿಯಲ್ಲಿ ಹೊಸ ಜವಳಿ ಅಂಗಡಿಗೆ ಪ್ರಚಾರ ಮಾಡುವಾಗ, ಜಾಗ ಅಂದಮೇಲೆ ಚತುಃಸೀಮೆ ಹೇಳಬೇಕಲ್ಲ ಎಂದು ಮೂಡಣ ದಿಕ್ಕಿನಿಂದ ಹಿಡಿದ. ರಿಕ್ಷಾ ನಿಲ್ಲಬೇಕಲ್ಲ! ಒಂದು ಓಣಿಗೆ ಮೂಡಣ, ಪಡುವಣ ಸಿಕ್ಕವು, ಮುಂದಿನ ಓಣಿಗೆ ತೆಂಕಣ, ಬಡಗಣ. ಮೆಣಸಿನಕಾಯಿ ಘಾಟಿಗೆ ನಡುನಡುವೆ ಮೈಕಿನಲ್ಲೇ ಸೀನು ಬೇರೆ. ಅಂಗಡಿ ಎಲ್ಲಿದೆ ಅನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಇನ್ನೊಂದು ಹಟ ಇತ್ತು. ದಿನಾ ಮುಂಜಾನೆ ದೊಡ್ಡ ರಸ್ತೆಯ ಚಹಾದಂಗಡಿಯ ಮುಂದೆ ರಿಕ್ಷಾ ನಿಲ್ಲಿಸಿ, ಮೈಕು ಊದಿ, "ಕೇಳಸ್ತೈತೇನು?" ಅನ್ನುವನು. ಯಾರಾದರೂ "ಕೇಳಸ್ತೈತ್ರಿ ವಕೀಲ್ರ!" ಎಂದು ಕೂಗಬೇಕು. ಕೂಗದಿದ್ದರೆ ಎಷ್ಟು ಹೊತ್ತಾದರೂ ಮುಂದೆ ಒಂದು ಮಾತಾಡುತ್ತಿರಲಿಲ್ಲ, ಪುಣ್ಯಾತ್ಮ!

ನಗುವವರೆಲ್ಲ ನಕ್ಕರು. ನಗದವಳು ಕಾಕು ಒಬ್ಬಳೇ, ಅವನ ಹೆಂಡತಿ. ವಕೀಲರ ಮನೆಯವರು ಎಂದು ಅರಿಷಿಣ ಕುಂಕುಮಕ್ಕೆ ಕರೆದು ಮುಂದೆ ಕೂಡಿಸುತ್ತಿದ್ದವರೇ ಈಗ, "ನಿಮ್ಮನಿಯವರು ನಿನ್ನಿ ಸೀರಿ ಸೇಲ್ ಚಲೋ ಒದರಿದ್ರು ಬಿಡ್ರಿ" ಎಂದು ಕಿಸಿಕಿಸಿ ನಗುತ್ತಿದ್ದರು. ಒಂದು ದಿನ ಅಳುತ್ತಲೇ ಅಂದಳು, "ಊರ ತುಂಬ ಒದರ್ರಿ, ನಾ ಬ್ಯಾಡನ್ನೂದಿಲ್ಲ. ನಮ್ಮ ಓಣ್ಯಾಗ ಮಾತ್ರ ಬ್ಯಾಡ್ರಿ. ನನಗ ಮಾರಿ ಎತ್ತಿ ಅಡ್ಡಾಡಾಕ ಆಗವಲ್ದು."

ಕಾಕಾ ವಾದ ಮಾಡಲಿಲ್ಲ. ಅಂದಿನಿಂದ ನಮ್ಮ ಓಣಿಯ ತಿರುವು ಬಂತೆಂದರೆ ಮೈಕು ಬಂದ್. ಇದರ ಫಲ ಉಂಡವರು ನಾವು! ನಾಳೆ ನಳ ಬರುವುದಿಲ್ಲ ಎಂದು ಊರಿಗೆಲ್ಲ ಸಾರಿ, ನಮ್ಮ ಓಣಿಯಲ್ಲಿ ಸುಮ್ಮನೆ ಹಾದುಹೋದ. ಮರುದಿನ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಕಾಕುವಿನ ಬಾಗಿಲಲ್ಲಿ! ಕಾಕು ತನ್ನ ಮನೆಯ ಹಂಡೆಯ ನೀರನ್ನೇ ಹಂಚಿ ಕಳಿಸಿದಳು. ಗಂಡನಿಗೆ ಮಾತ್ರ ಮೈಕು ಹಚ್ಚು ಅನ್ನಲಿಲ್ಲ.

ಒಮ್ಮೆ ಕಾಕಾ ನನ್ನೆದುರು ಬಾಯಿ ಬಿಟ್ಟ. "ಅಕಿ ಒಮ್ಮೆರೆ ಕೇಳಬೇಕಿತ್ತಲೇ ತಮ್ಮಾ. ಚಲೋ ಐತಿ ಅನ್ನೂದು ಬ್ಯಾಡ. ಕೇಳಿದ್ರ ಸಾಕಾಗಿತ್ತು."

ಆ ಹೊತ್ತಿಗೆ ಕಾಕುವಿಗೂ ಒಂದು ಹುಚ್ಚು ಹತ್ತಿತ್ತು, ಹಿಟ್ಟಿನ ಹುಚ್ಚು. ಮನೆಯಲ್ಲಿ ಇಬ್ಬರೇ ಇಬ್ಬರು, ಆದರೂ ಚೂರು ಜೋಳ ಡಬ್ಬಿಗೆ ಹಾಕಿಕೊಂಡು ದಿನ ಬಿಟ್ಟು ದಿನ ಹಿಂದಿನ ಓಣಿಯ ಗಿರಣಿಗೆ ನಡೆಯುವಳು. "ಒಮ್ಮೆ ಹಾಕಿಸಿ ಇಟ್ಟಕೋಬಾರದೇನ ನೀ?" ಎಂದು ನಮ್ಮವ್ವ ಕೇಳಿದರೆ, "ಹಿಟ್ಟು ಹಳೇದಾದ್ರ ರೊಟ್ಟಿ ಹರೀತಾವಕ್ಕಾ" ಅನ್ನುವಳು.

ಹೀಗೇ ವರ್ಷಗಳು ಹೋದವು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಕಾಕು ಎದೆ ಹಿಡಿದುಕೊಂಡು ಕುಸಿದಳು. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಒಲೆಯ ಮುಂದೆ ಬಡಿದ ರೊಟ್ಟಿ ಹಾಗೇ ಒಣಗಿತ್ತು.

ಸುದ್ದಿ ಸಾರಲು ಕಾಕಾನೇ ಎದ್ದ. "ಬ್ಯಾರೆ ಯಾರರೆ ಹೇಳತಾರ, ನೀ ಕುಂದ್ರು" ಎಂದು ಅಪ್ಪ ಕೈ ಹಿಡಿದ.

"ಊರ ಮಂದಿದೆಲ್ಲಾ ನಾ ಹೇಳೇನಿ. ಅಕೀದು ಬ್ಯಾರೆದವರು ಯಾಕ ಹೇಳಬೇಕು?"

ರಿಕ್ಷಾ ನಾನು ಓಡಿಸಿದೆ. ಅವನ ದನಿ ಒಂದಿಷ್ಟೂ ನಡುಗಲಿಲ್ಲ. ಊರೆಲ್ಲ ಸುತ್ತಿ ಹಿಂದಿನ ಓಣಿಗೆ ಬಂದೆವು. ಗಡಗಡ ಎನ್ನುತ್ತಿದ್ದ ಗಿರಣಿ ನಮ್ಮನ್ನು ಕಂಡದ್ದೇ ನಿಂತಿತು. ಗಿರಣಿಯ ಸಾಹೇಬರು ಹಿಟ್ಟಾದ ಕೈಯಲ್ಲೇ ಹೊರಗೆ ಬಂದರು.

"ಯಾಕ ಬಂದ್ ಮಾಡಿದ್ರಿ?" ಕಾಕಾ ಕೇಳಿದ.

"ರೂಢಿ ಆಗೇತ್ರಿ ವಕೀಲ್ರ. ನಿಮ್ಮ ಗಾಡಿ ಬಂದಾಗೆಲ್ಲಾ ಅಕ್ಕಾರು ಬಂದ್ ಮಾಡಸ್ತಿದ್ರು. 'ನಮ್ಮನಿಯವರು ಬಂದ್ರು, ಒಂದ ಚೂರು ನಿಂದರಸ್ರಿ, ಕೇಳತೀನಿ' ಅಂತಿದ್ರು. ಒಳಗ ಚೀಲದ ಹಿಂದ ನಿಂತು ಕೇಳತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಕಾಕಾ ಮೈಕನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ರಿಕ್ಷಾ ತಿರುಗಿಸಿದೆ.

ನಮ್ಮ ಓಣಿಯ ತಿರುವಿನಲ್ಲಿ ಅವನ ಕೈ ರೂಢಿಯಂತೆ ಮೈಕು ಬಂದ್ ಮಾಡಲು ಹೋಯಿತು. ಹೋದದ್ದು ತಡೆದು ನಿಂತಿತು. ಬಂದ್ ಮಾಡದೆ ಹಿಂದೆ ಬಂತು. ಮನೆಯ ಮುಂದೆ ಜನ ದಾರಿ ಬಿಟ್ಟರು. ಪಡಸಾಲೆಯಲ್ಲಿ ಕಾಕುವನ್ನು ಹೂವು ಹಾಕಿ ಮಲಗಿಸಿದ್ದರು. ಕಾಕಾ ಕೆಳಗಿಳಿದು, ಅವಳ ಕಡೆ ಮುಖ ಮಾಡಿ, ಮೈಕು ಊದಿದ.

"ಕೇಳಸ್ತೈತೇನು?"

ಇಡೀ ಓಣಿಗೆ ಕೇಳಿತು. ಯಾರೂ ಉತ್ತರ ಕೊಡಲಿಲ್ಲ. ಕಾಕಾ ಮೈಕು ಹಿಡಿದುಕೊಂಡು ಕಾಯುತ್ತ ನಿಂತ.