ಎರಡು ಧ್ವನಿಪೆಟ್ಟಿಗೆಗಳ ಮನೆಯಿಂದ

ನಮ್ಮ ಮೇಜಿನ ಎಡತುದಿಯಲ್ಲಿ ಪೆನ್ಸಿಲ್ ಡಬ್ಬಿಗೂ ಗೋಡೆಗೂ ನಡುವೆ ವಿರಾಜಮಾನರಾಗಿ, ಗಿಟಾರಿನ ನಾದವನ್ನು ಕಂಪ್ಯೂಟರಿಗೆ ದಾಟಿಸುವ ಹೊಣೆ ಹೊತ್ತಿರುವ ಕೆಂಪು ಧ್ವನಿಪೆಟ್ಟಿಗೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಹಸಿರು ದೀಪ ಸದಾ ಬೆಳಗುತ್ತಿರಲಿ, ತಮ್ಮ ಗುಂಡಿಗಳು ಸಡಿಲವಾಗದಿರಲಿ, ತಮ್ಮ ಬೆನ್ನಿನ ತಂತಿಯನ್ನು ನಮ್ಮ ಅತ್ತೆಯವರ ಪೊರಕೆ ಇನ್ನೊಮ್ಮೆ ಎಳೆಯದಿರಲಿ ಎಂದು ಹಾರೈಸುತ್ತಾ, ದಂತವೈದ್ಯರೊಬ್ಬರ ಹಿಂಬದಿಯ ಕೋಣೆಯಲ್ಲಿ ಕೂತು ಊರವರ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟುವ ಈ ಬಡಪಾಯಿಯು ವಿನಯಪೂರ್ವಕವಾಗಿ ಸಲ್ಲಿಸುವ ದೂರು ಏನೆಂದರೆ, ತಾವು ಈಗ ಸರಿಯಾಗಿ ಕೆಲಸ ಮಾಡುತ್ತಿದ್ದೀರಿ. ಇದರಿಂದ ನಮ್ಮ ಕುಟುಂಬಕ್ಕೆ ಬಹಳ ತೊಂದರೆಯಾಗಿದೆ.

ತಮಗೆ ಆಶ್ಚರ್ಯವಾಗಬಹುದು, ಆದ್ದರಿಂದ ಮೊದಲಿನಿಂದಲೇ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ದಯಮಾಡಿಸುವ ಮೊದಲೇ ನಮ್ಮ ಮನೆಯಲ್ಲಿ ಒಂದು ಧ್ವನಿಪೆಟ್ಟಿಗೆ ಇತ್ತು. ಅದು ನನ್ನ ಹೆಂಡತಿಯ ಗಂಟಲಿನೊಳಗಿನದು. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಲ್ಲಿಗೆ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂದು ಮೈಕಿನಲ್ಲಿ ಸಾರುವುದು ಅವಳ ಉದ್ಯೋಗವಾಗಿತ್ತು. ಗಾಡಿ ತಡ ಎಂಬ ಸುದ್ದಿಯನ್ನು ಅವಳು ಹೇಳಿದರೆ ಪ್ರಯಾಣಿಕರು ರೈಲ್ವೆಯನ್ನು ಬೈಯುವುದು ಮರೆತು ಇನ್ನೊಂದು ಚಹಾ ಕೊಳ್ಳುತ್ತಿದ್ದರು. ಮನೆಗೆ ಬಂದರೆ ತಲೆ ಬಾಚಿಕೊಳ್ಳುತ್ತಾ ಒಂದೇ ರಾಗವನ್ನು, ಪದಗಳಿಲ್ಲದೆ, ತಾನೇ ಕಟ್ಟಿದ್ದನ್ನು ಗುನುಗುತ್ತಿದ್ದಳು. ಹಾಗಿರುವಾಗ ಆ ಪೆಟ್ಟಿಗೆಯೊಳಗೆ ಗಂಟೊಂದು ಬೆಳೆಯಿತು, ವೈದ್ಯರು ಕೊಯ್ದು ತೆಗೆದರು, ಬಹಳ ದಿನ ಬಾಯಿ ಬಿಡಕೂಡದೆಂದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ. ಆ ಲೆಕ್ಕದಲ್ಲಿ ನಾವು ದಿಢೀರನೆ ಶ್ರೀಮಂತರಾದೆವು. ಆಮೇಲೆ ವೈದ್ಯರು, "ಎಲ್ಲಾ ವಾಸಿಯಾಗಿದೆ ಕಣಮ್ಮ, ಮಾತಾಡಿ, ಹಾಡಿ, ಬೇಕಾದ್ರೆ ಯಜಮಾನರನ್ನ ಬೈಯಿರಿ" ಎಂದು ಅಪ್ಪಣೆ ಕೊಟ್ಟರೂ ಅವಳು ಬಂಗಾರವನ್ನು ಬಿಡಲಿಲ್ಲ. "ಇದು ನನ್ನ ದನಿ ಅಲ್ಲ. ಯಾರದೋ ಬಂದು ಕೂತಿದೆ" ಎಂದು ಒಮ್ಮೆ ಹೇಳಿ ಮುಗಿಸಿದಳು. ನಿಲ್ದಾಣದವರು ಅವಳನ್ನು ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಅಲ್ಲಿ ಒಂಟಿ ಚಪ್ಪಲಿ, ಛತ್ರಿಗಳ ನಡುವೆ ಕೂತು ಬರುತ್ತಿದ್ದಳು. ಮತ್ತೆ ಮೈಕಿನ ಮುಂದೆ ಒಂದು ಪರೀಕ್ಷೆ ಕೊಟ್ಟು ನೋಡಿ ಎಂದು ಮೇಲಿನವರು ಕೇಳಿದಾಗ ತಲೆಯಾಡಿಸಿ ಬಂದಳಂತೆ, ಅಡ್ಡಡ್ಡವಾಗಿ.

ನನಗೆ ಹಾಡಲು ಬರುವುದಿಲ್ಲ. ನಾನು ಹಾಡಿದರೆ ನಾನೇ ಕಟ್ಟಿದ ಹಲ್ಲುಗಳೂ ಜುಮ್ಮೆನ್ನುತ್ತವೆ. ಆದರೆ ಹುಡುಗನಾಗಿದ್ದಾಗ ತುಸು ಗಿಟಾರ್ ಕಲಿತಿದ್ದೆ. ಅವಳ ಆ ರಾಗವನ್ನು ನುಡಿಸಿ, ಚೊಕ್ಕವಾಗಿ ರೆಕಾರ್ಡ್ ಮಾಡಿ, ಒಂದು ದಿನ ಅವಳ ಮುಂದಿಟ್ಟರೆ ಏನಾದರೂ ಆದೀತು ಎಂಬ ಆಸೆ ಹುಟ್ಟಿತು. ವಾದ್ಯದಂಗಡಿಯವನು, "ಎಲೆಕ್ಟ್ರಿಕ್ ತಗೊಳ್ಳಿ ಸಾರ್, ಹೆಡ್‌ಫೋನ್ ಹಾಕ್ಕೊಂಡ್ರೆ ಪಕ್ಕದಲ್ಲಿ ಕೂತೋರಿಗೂ ಗೊತ್ತಾಗಲ್ಲ. ಈ ಪೆಟ್ಟಿಗೆ ಕಂಪ್ಯೂಟರಿಗೆ ಚುಚ್ಚಿದ್ರೆ ಮುಗೀತು" ಎಂದ. ಹೀಗೆ ತಾವು ನಮ್ಮ ಮನೆ ತುಂಬಿದಿರಿ. ಮುಗಿಯಿತು ಎಂಬ ಅವನ ಮಾತು ಯಾವ ಅರ್ಥದಲ್ಲಿ ನಿಜವೆಂದು ಆಮೇಲೆ ತಿಳಿಯಿತು.

ತಮ್ಮ ತಾಳ್ಮೆಯ ಗುಣವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾನು ತಂತಿ ಮೀಟಿದರೆ ತಾವು ಆ ಸ್ವರವನ್ನು ಕಂಪ್ಯೂಟರಿನೊಳಗೆ ಕರೆದೊಯ್ದು, ಕುಶಲ ವಿಚಾರಿಸಿ, ಆಮೇಲೆ ಸಾವಕಾಶವಾಗಿ ನನ್ನ ಕಿವಿಗೆ ಕಳಿಸುತ್ತಿದ್ದಿರಿ. ಅಷ್ಟರಲ್ಲಿ ನಾನು ಮುಂದಿನ ಸ್ವರಕ್ಕೆ ಹೋಗಿರುತ್ತಿದ್ದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ಕೇಳಿದ್ದೆ, ಸಂಗೀತದಲ್ಲಿ ಕಂಡದ್ದು ತಮ್ಮಲ್ಲೇ. ತಡವನ್ನು ತಗ್ಗಿಸಲು ಕಂಪ್ಯೂಟರಿನಲ್ಲಿ ಯಾವುದೋ ಅಂಕಿಯನ್ನು ಇಳಿಸಿದರೆ ತಾವು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎಂದಿರಿ. ಏರಿಸಿದರೆ ಮತ್ತೆ ನಿದ್ದೆಗೆ ಜಾರಿದಿರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಅದಾದ ಮೇಲೆ ತಮ್ಮ ಗುಂಯ್‌ಗಾನ. ನಾನು ತಂತಿಯಿಂದ ಕೈ ಎತ್ತಿದ ಕೂಡಲೇ ದುಂಬಿಯೊಂದು ಡಬ್ಬಿಯಲ್ಲಿ ಸಿಕ್ಕಿಬಿದ್ದಂತೆ ಶುರುವಾಗುತ್ತಿದ್ದ ಆ ನಾದಕ್ಕೆ ಅಂಗಡಿಯವನು ಫೋನಿನಲ್ಲೇ ಮದ್ದು ಹೇಳಿದ: "ಫ್ರಿಡ್ಜ್, ಟ್ಯೂಬ್‌ಲೈಟ್, ಟಿ.ವಿ. ಎಲ್ಲಾ ಆರಿಸಿ ಸಾರ್. ಆಮೇಲೆ ಗಿಟಾರ್ ಹಿಡ್ಕೊಂಡು ನಿಧಾನಕ್ಕೆ ಸುತ್ತು ತಿರುಗಿ, ಯಾವ ದಿಕ್ಕಿಗೆ ಕಮ್ಮಿಯಾಗತ್ತೋ ಆ ದಿಕ್ಕಿಗೆ ಕೂತ್ಕೊಳ್ಳಿ." ಹಾಗೆ ಆರತಿ ತಟ್ಟೆಯಂತೆ ನಡುಮನೆಯಲ್ಲಿ ನಾನು ಸುತ್ತಿ ಸುತ್ತಿ, ಕೊನೆಗೆ ತಾವು ಮೌನ ತಾಳಿದ್ದು ಬಚ್ಚಲಮನೆ ಬಾಗಿಲಿಗೆ ಮುಖ ಮಾಡಿದಾಗ ಮಾತ್ರ. ಧಾರಾವಾಹಿಯ ನಡುವೆ ಟಿ.ವಿ. ಕಳೆದುಕೊಂಡ ಅತ್ತೆಯವರು ಅಲ್ಲೇ ನಿಂತು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಮ್ಮ ಅಳಿಯಂದಿರಿಗೆ ಫ್ರಿಡ್ಜೇ ಡೊಂಕು" ಎಂದು ಅಭಿಪ್ರಾಯಪಟ್ಟರು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೊನೆಗೆ ತಮ್ಮ ಮೈಮೇಲಿನ ಒಂದು ಗುಂಡಿಯನ್ನು ತಿರುಗಿಸಿದರೆ ಸ್ವರವು ಕಂಪ್ಯೂಟರಿನ ಯಾತ್ರೆ ಮುಗಿಸದೆ ನೇರವಾಗಿ ನನ್ನ ಕಿವಿಗೆ ಬರುತ್ತದೆಂಬ ಗುಟ್ಟು ಸಿಕ್ಕಿತು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದೆ, ಗುಂಡಿ ತಿರುಗಿಸಿದೆ, ಕಿವಿಗೆ ಹೆಡ್‌ಫೋನ್ ಏರಿಸಿದೆ, ಬಚ್ಚಲಮನೆಗೆ ನಮಸ್ಕರಿಸಿ ಕೂತೆ. ಮೀಟಿದ ಕೂಡಲೇ ಸ್ವರ! ಕಣ್ಣು ಮುಚ್ಚಿ ಅವಳ ರಾಗವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ನುಡಿಸಿದೆ. ಇಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ನುಡಿಸಿರಲಿಲ್ಲ.

ಮುಗಿಸಿ ರೆಕಾರ್ಡ್ ಆದದ್ದನ್ನು ಕೇಳಿದರೆ, ಮಾನ್ಯರೇ, ನನ್ನ ಗಿಟಾರೇ ಇಲ್ಲ. ಯಾರೋ ಬಾಚಣಿಗೆಯ ಹಲ್ಲನ್ನು ಉಗುರಿನಲ್ಲಿ ಮೀಟುತ್ತಿರುವ ಟಿಣ್ ಟಿಣ್ ದೂರದಲ್ಲಿ, ಅದರ ಮೇಲೆ, ತಂಗಿಯೊಡನೆ ಫೋನಿನಲ್ಲಿ ಮಾತಾಡುವ ಅತ್ತೆಯವರ ಗಟ್ಟಿ ಕಂಠ: "ಕಿವಿಗೆ ಬಟ್ಟಲು ಕವುಚಿಕೊಂಡು ಕೂತಿದಾರೆ ಕಣೇ, ಏನಂದ್ರೂ ಕೇಳಿಸಲ್ಲ. ಬಾಯಿ ನೋಡ್ಬೇಕು ನೀನು, ದಡಕ್ಕೆ ಬಿದ್ದ ಮೀನು." ತಮ್ಮ ನೆತ್ತಿಗೆ ತಟ್ಟಿ ನೋಡಿದೆ, ಪರದೆಯ ಮೇಲೆ ಸದ್ದನ್ನು ತೋರಿಸುವ ಗೆರೆ ತುಸುವೇ ಅಲುಗಿತು, ಕಂಪ್ಯೂಟರಿಗೆ ತಟ್ಟಿದರೆ ಗೆರೆ ಎಗರಿಬಿತ್ತು. ಆರಿಸಿ ಹಚ್ಚಿದ ಕಂಪ್ಯೂಟರು ತಮ್ಮನ್ನು ಮರೆತು, ತನ್ನ ಹಣೆಯಲ್ಲಿರುವ ಸೂಜಿಮೊನೆಯಷ್ಟು ಮೈಕನ್ನೇ ನೆಚ್ಚಿಕೊಂಡು ಇಡೀ ಮನೆಯನ್ನು ರೆಕಾರ್ಡ್ ಮಾಡಿತ್ತು. ಆ ಟಿಣ್ ಟಿಣ್ ನನ್ನ ಗಿಟಾರಿನ ಬರಿಯ ತಂತಿಗಳದು. ತಾವು ನನ್ನ ಕಿವಿಯನ್ನು ರಂಜಿಸುತ್ತಾ, ಈ ಅನ್ಯಾಯವನ್ನು ನೋಡಿಯೂ ಸುಮ್ಮನಿದ್ದಿರಿ.

ಅಳಿಸಿಹಾಕಲು ಬೆರಳು ಎತ್ತಿದ್ದೆ. ಆಗ ಟಿಣ್ ಟಿಣ್ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ, ಪಾತ್ರೆಗಳ ಸದ್ದು ನಿಂತು ಇನ್ನೊಂದು ದನಿ ಬಂತು. ಮೊದಲು ಒಂದೇ ಸ್ವರ, ನೀರಿಗೆ ಕಾಲಿಟ್ಟು ನೋಡಿದಂತೆ. ಆಮೇಲೆ ಎರಡು. ಮೊದಲಿಗಿಂತ ದಪ್ಪನೆಯ, ಅಂಚು ತುಸು ಒರಟಾದ ದನಿ. ಮೇಲೇರುವಲ್ಲಿ ಒಡೆಯಿತು, ನಿಂತಿತು, ನನ್ನ ಗಿಟಾರು ತಿರುಗಿ ಅಲ್ಲಿಗೆ ಬರುವವರೆಗೆ ಕಾಯಿತು, ಮತ್ತೆ ಏರಿತು. ಅತ್ತೆಯವರು ಜನ್ಮದಲ್ಲಿ ಮೊದಲ ಬಾರಿ ಪಿಸುಗುಟ್ಟಿದ್ದು ಕೂಡ ಅದರಲ್ಲಿದೆ: "ಇರೇ, ಸುಮ್ನಿರು ಸ್ವಲ್ಪ. ಹಾಡ್ತಿದಾಳೆ." ಆಮೇಲೆ ಅತ್ತೆಯವರು ಮೂಗೊರೆಸಿಕೊಂಡ ಸದ್ದು.

ನನಗೆ ಏನೂ ಕೇಳಿಸುವುದಿಲ್ಲ ಎಂಬ ಭರವಸೆಯಿಂದ ಅವಳು ಹಾಡಿದ್ದಳು. ಗೋಡೆಗೆ ಕಿವಿ ಇದೆ ಎನ್ನುವವರು ಕಂಪ್ಯೂಟರಿನ ಹಣೆಯ ವಿಷಯ ಹೇಳಿರಲಿಲ್ಲ.

ನಾನು ಮಹಾಪ್ರಮಾದವೆಸಗಿದ್ದು ಇಲ್ಲಿ. ಮರುದಿನವೇ ಕಂಪ್ಯೂಟರಿಗೆ ಬುದ್ಧಿ ಹೇಳಿ ತಮ್ಮನ್ನು ಮರಳಿ ಪಟ್ಟಕ್ಕೇರಿಸಿದೆ. ಅಂದಿನಿಂದ ತಾವು ಗಿಟಾರನ್ನು ಮಾತ್ರ ಕೇಳುತ್ತೀರಿ, ಎಳ್ಳಷ್ಟೂ ದೂಳಿಲ್ಲದೆ. ನಾನು ನುಡಿಸುತ್ತಾ ಅಡುಗೆಮನೆಯಲ್ಲಿ ಏನಾಗುತ್ತಿದೆಯೆಂದು ತಿಳಿಯದೆ, ಕಿವಿಯ ಬಟ್ಟಲು ತೆಗೆದರೆ ಅವಳು ನಿಲ್ಲಿಸುತ್ತಾಳೆಂದು ತೆಗೆಯಲಾರದೆ, ಆಮೇಲೆ ಕೇಳಿದರೆ ತಮ್ಮ ಹಾಳು ಶುಚಿತ್ವದಲ್ಲಿ ನನ್ನ ತಪ್ಪುಗಳನ್ನಲ್ಲದೆ ಇನ್ನೇನೂ ಕಾಣದೆ ಸೊರಗಿದ್ದೇನೆ. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ: ದಯಮಾಡಿ ಕೆಟ್ಟುಹೋಗಿ. ಪೂರ್ತಿ ಬೇಡ. ವಾರಕ್ಕೊಮ್ಮೆ, ಯಾರಿಗೂ ಅನುಮಾನ ಬಾರದಂತೆ, ಹಸಿರು ದೀಪ ಉರಿಯುತ್ತಿರುವಾಗಲೇ ಕೆಟ್ಟುಹೋಗಿ. ಸಾಧ್ಯವಾದರೆ ತಮ್ಮ ಆ ಹಳೆಯ ತಡವನ್ನು ನಮ್ಮ ಅತ್ತೆಯವರ ಪ್ರತ್ಯುತ್ತರಗಳಿಗೆ ಅಳವಡಿಸಿಕೊಡಿ.

ದೂರನ್ನು ಇಲ್ಲಿಗೆ ಬರೆದು ನಿಲ್ಲಿಸಿದ ಮೇಲೆ, ಒಂದು ಸಂಜೆ ಆ ಹಳೆಯ ರೆಕಾರ್ಡನ್ನೇ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಒಂದು ಕಿವಿ ತಣ್ಣಗಾಯಿತು. ಅವಳು ಬಂದು ಹೆಡ್‌ಫೋನಿನ ಒಂದು ಬಟ್ಟಲನ್ನು ತಿರುಗಿಸಿ ತನ್ನ ಕಿವಿಗೆ ಒತ್ತಿಕೊಂಡಿದ್ದಳು. ಬಹಳ ಹೊತ್ತು ಕೇಳಿದಳು. "ಯಾರಿದು?" ಎಂದಳು. ನನಗೆ ಭಯವಾಗಿ ಬಾಯಿಗೆ ಬಂದದ್ದನ್ನು ಅಂದೆ, "ಯಾರೋ ಬಿಟ್ಟುಹೋಗಿದಾರೆ. ಗುರುತು ಹೇಳಿ ತಗೊಂಡು ಹೋಗ್ಬೇಕಂತೆ." ಬೈಯುತ್ತಾಳೆ ಎಂದುಕೊಂಡೆ, ಕದ್ದು ಕೇಳಿದ್ದಕ್ಕೆ. ಅವಳು ಮೇಲೇರುವಲ್ಲಿ ದನಿ ಒಡೆದ ಜಾಗವನ್ನು ಮತ್ತೊಮ್ಮೆ ಹಾಕಿಸಿಕೊಂಡಳು. "ಇಲ್ಲಿ ಉಸಿರು ಮೊದಲೇ ತಗೋಬೇಕಿತ್ತು" ಎಂದಳು. ತನ್ನದಲ್ಲದ ದನಿಯನ್ನು ಯಾರೂ ಹಾಗೆ ತಿದ್ದುವುದಿಲ್ಲ.

ಮೈಕಿನ ಪರೀಕ್ಷೆಗೆ ಹೋದಳು. ಕೆಲಸಕ್ಕೆ ಮರಳಿದ ಮೊದಲ ದಿನ ನಾನು ಕಟ್ಟುತ್ತಿದ್ದ ಹಲ್ಲುಗಳನ್ನು ಅಚ್ಚಿನಲ್ಲೇ ಬಿಟ್ಟು ನಿಲ್ದಾಣಕ್ಕೆ ಓಡಿದೆ. ಗಾಡಿಯೊಂದು ಬಹಳ ತಡವಾಗಿ ಬರಲಿದೆ, ಕ್ಷಮಿಸಿ ಎಂದು ಆ ದಪ್ಪನೆಯ ಹೊಸ ದನಿ ಪ್ಲಾಟ್‌ಫಾರಂ ತುಂಬ ಹೇಳಿದಾಗ ನಾನೊಬ್ಬನೇ ಚಪ್ಪಾಳೆ ಹೊಡೆದೆ. ಸೂಟ್‌ಕೇಸಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ನಿಮಗೇನ್ರೀ ಖುಷಿ?" ಎಂದು ಕಣ್ಣು ಕೆಂಪಗೆ ಮಾಡಿದರು. ಅವರಿಗೊಂದು ಚಹಾ ಕೊಡಿಸಿದೆ.

ಇಷ್ಟೆಲ್ಲಾ ಆದ ಮೇಲೂ ದೂರು ಹಿಂತೆಗೆದುಕೊಳ್ಳಲು ಮನಸ್ಸಿಲ್ಲ. ಸರಿಯಾಗಿ ನಡೆದುಕೊಳ್ಳುವ ಯಂತ್ರದ ಮೇಲೆ ಒಂದು ಕಣ್ಣಿಟ್ಟಿರುವುದೇ ಕ್ಷೇಮ ಎಂದು ನಂಬಿರುವ,

ಬಚ್ಚಲಮನೆಗೆ ಅಭಿಮುಖನಾಗಿ ಕೂತಿರುವ
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವ

ಮರೆತ ಮಾತು: ಆ ರೆಕಾರ್ಡನ್ನು ಈಗ ಅತ್ತೆಯವರು ತಮ್ಮ ತಂಗಿಗೂ, ಹೆಂಡತಿ ತನ್ನ ಸಹೋದ್ಯೋಗಿಗಳಿಗೂ ಕೇಳಿಸಬೇಕೆಂದಿದ್ದಾರೆ. ಕೂತು ಪೂರ್ತಿ ಕೇಳಿ, ಇಬ್ಬರೂ ಬದುಕಿನಲ್ಲಿ ಮೊದಲ ಬಾರಿಗೆ ಒಂದೇ ಮಾತಿಗೆ ಬಂದಿದ್ದಾರೆ: "ತುಂಬಾ ಚೆನ್ನಾಗಿದೆ, ಆದ್ರೆ ಆ ಟಿಣ್ ಟಿಣ್ ಒಂದು ತೆಗೆಸ್ಬಿಡಿ." ಗಿಟಾರನ್ನು ಮಾತ್ರ ಹುಡುಕಿ ಅಳಿಸುವ ಗುಂಡಿ ತಮ್ಮಲ್ಲಿ ಇದ್ದರೆ, ದಯವಿಟ್ಟು ಅವರಿಗೆ ಹೇಳಬೇಡಿ.