ಧಾರೆ ಸೀರೆಯ ವಿದ್ಯುತ್ತು

ಈ ಭಾನುವಾರ ನಮ್ಮಮ್ಮನನ್ನು ಹಿಡಿದೇ ಹಿಡಿಯುತ್ತೇನೆ ಎಂದು ಶಪಥ ಮಾಡಿದೆ. ಅದೂ ಬ್ಯಾಟರಿಯಿಲ್ಲದೆ, ಕರೆಂಟಿಲ್ಲದೆ, ಶುದ್ಧ ವಿಜ್ಞಾನದಿಂದ! ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ನೊಣವಿನಕೆರೆಯ ಒಂದು ಅಟ್ಟ ನನಗೆ ಯಾವ ಲೆಕ್ಕ?

ಅಮ್ಮನ ಮಂಡಿ ಸವೆದಿದೆ. ಇನ್ನು ಏಣಿ ಹತ್ತಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೆದರಿಸಿದ್ದಾರೆ. ಆದರೆ ಹಿಂದಿನ ಕೋಣೆಯ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ ಒಣಗುತ್ತಿದೆಯಲ್ಲ! ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳದಿದ್ದರೆ ಅವಳಿಗೆ ಊಟ ಸೇರದು. ನಾವು ಆಚೆ ತಿರುಗಿದರೆ ಸಾಕು, ಅವಳು ಅಟ್ಟದಲ್ಲಿ! ಕೇಳಿದರೆ, "ನಾನ್ಯಾಕ್ಲಾ ಹತ್ಲಿ? ಮಂಡಿ ನೋವು ಕಣಪ್ಪ!"

ಅದಕ್ಕೇ ಸೆನ್ಸರ್! ಮನುಷ್ಯ ಅಲುಗಾಡಿದರೆ ಆ ಅಲುಗಾಟದಿಂದಲೇ ವಿದ್ಯುತ್ ಹುಟ್ಟಿಸಿಕೊಂಡು ಚಾಡಿ ಹೇಳುವ, ಬಟ್ಟೆಯ ಹಾಗೆ ಮಡಚಬಹುದಾದ ಸೆನ್ಸರ್. ರೇಷ್ಮೆಯೂ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯೂ ತಾಗಿ ಬಿಟ್ಟರೆ ಚೂರು ವಿದ್ಯುತ್ ಹುಟ್ಟುತ್ತದೆ. ಅಟ್ಟದಲ್ಲಿ ಅಮ್ಮ ಕೂರುವ ಗೋಣಿಚೀಲದ ಕೆಳಗೆ ಅದು, ನಡುಮನೆಯ ನನ್ನ ಮೇಜಿನ ಮೇಲೆ ಎರಡು ಪುಟ್ಟ ದೀಪ. ಕೂತರೆ ಕೆಂಪು ಮಿಂಚಬೇಕು, ಎದ್ದರೆ ಹಸಿರು.

"ಅಪ್ಪಟ ರೇಷ್ಮೆ ಬೇಕಿತ್ತಲ್ಲ" ಎಂದು ಹೆಂಡತಿ ಗಾನವಿಯ ಮುಂದೆ ರಾಗ ಎಳೆದೆ.

"ನನ್ ಧಾರೆ ಸೀರೆ ಇದ್ಯಲ್ಲಾ, ಕತ್ತರಿಸ್ಕೊಳ್ಳಿ" ಎಂದವಳೇ ಕತ್ತರಿಯನ್ನೂ ತಂದುಕೊಟ್ಟಳು!

ನನ್ನ ಕಣ್ಣು ತುಂಬಿ ಬಂತು. ಮದುವೆಗೆ ಅಂಗಡಿಯಲ್ಲಿ ಎಳೆ ಎಳೆ ಪರೀಕ್ಷಿಸಿ ನಾನೇ ಆರಿಸಿದ್ದ ಸೀರೆ ಅದು. ವಿಜ್ಞಾನಕ್ಕಾಗಿ ಎಂಥ ತ್ಯಾಗ!

ಸೆನ್ಸರ್ ಸಿದ್ಧವಾಯಿತು. ಅಂಗೈಯಿಂದ ತಟ್ಟಿದೆ, ಕೆಂಪು, ಹಸಿರು ಎರಡೂ ಮಿಂಚಿದವು. ಯಾವುದು ಮೊದಲು ಎಂದು ನೋಡಲಿಲ್ಲ. ಪುಸ್ತಕದಲ್ಲೇ ಇರುವುದನ್ನು ನೋಡುವುದೇನು!

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾದೆ. ಇದ್ದಕ್ಕಿದ್ದಂತೆ ಹಸಿರು ಮಿಂಚಿತು! ಹಸಿರು ಎಂದರೆ ಅಮ್ಮ ಎದ್ದಳು. ಹಾಗಾದರೆ ಕೆಂಪು? ನಾನು ಲೋಟ ಎತ್ತಿದಾಗ ಮಿಂಚಿ ಹೋಗಿರಬೇಕು. ಹಿಂದಿನ ಕೋಣೆಗೆ ಓಡಿದೆ. ಅಮ್ಮ ಇಲ್ಲ! ಆಗಲೇ ಇಳಿದು ಹಿತ್ತಿಲಿಗೆ ಪರಾರಿ!

ಅಷ್ಟರಲ್ಲಿ ಪಕ್ಕದ ಮನೆಯ ಮಲ್ಲಿಕಾರ್ಜುನಯ್ಯ ಬಂದರು. "ಮೇಷ್ಟ್ರೇ, ಕಿಬ್ಬನಹಳ್ಳಿ ಅಂಗಡಿಗೆ ಬಣ್ಣ ಹೊಡಿಸ್ತಾ ಇದೀನಿ. ಒಂಚೂರು ಏಣಿ ಕೊಡ್ತೀರಾ?"

"ಧಾರಾಳವಾಗಿ ತಗೊಂಡೋಗಿ! ಇನ್ಮೇಲೆ ಈ ಮನೇಲಿ ಏಣಿ ಯಾರಿಗೂ ಬೇಡ!"

ಏಣಿ ಗೂಡ್ಸ್ ಆಟೋ ಏರಿ ಹೊರಟಿತು. ನಾನು ಮೀಸೆ ತಿರುವಿದೆ.

ಊಟದ ಹೊತ್ತಾದರೂ ಅಮ್ಮನ ಸುಳಿವಿಲ್ಲ. ಹಿತ್ತಿಲು, ತೋಟ, ಅಕ್ಕಪಕ್ಕದ ಮನೆ ಎಲ್ಲ ಹುಡುಕಿ ಬಂದರೆ ಮೇಜಿನ ಮೇಲೆ ಹಸಿರು, ಕೆಂಪು, ಹಸಿರು, ಕೆಂಪು!

"ಇಲಿ!" ಎಂದೆ.

ಮೇಲಿಂದ ಕೆಮ್ಮು ಕೇಳಿಸಿತು.

"ಇಲಿಗೆ ಯಾವಾಗಿಂದ್ರೀ ಕೆಮ್ಮು?" ಎಂದು ಗಾನವಿ ಹಿಂದಿನ ಕೋಣೆಗೆ ಓಡಿದಳು. ಅಟ್ಟದ ಹಲಗೆಗಳ ಸಂದಿಯಲ್ಲಿ ಅಮ್ಮನ ಒಂದು ಕಣ್ಣು ಕಾಣಿಸಿತು!

"ಅತ್ತೇ! ಕೂಗ್ಬಾರ್ದಿತ್ತಾ?"

"ಕೂಗಿದ್ರೆ ಹತ್ತಿದ್ದು ಒಪ್ಕೊಂಡಂಗಲ್ವೇನವ್ವಾ? ಏಣಿ ಎಲ್ಲಿಗ್ಲಾ ಕಳಿಸ್ದೆ, ಮುಂಡೇದೇ? ಹೊಟ್ಟೆ ಹಸೀತಾ ಐತೆ!"

ಮಲ್ಲಿಕಾರ್ಜುನಯ್ಯನಿಗೆ ಫೋನ್ ಮಾಡಿದೆ. ಅವರ ಪೇಂಟರು ಏಣಿಯ ತುದಿಯಲ್ಲಿ ನಿಂತು ಅಂಗಡಿಯ ಬೋರ್ಡಿನ ಮೇಲೆ 'ಪ್ರೊ' ಎಂದು ಬರೆಯುತ್ತಿದ್ದನಂತೆ, 'ಪ್ರೈಟರ್' ಮುಗಿದ ಮೇಲೆ ಕಳಿಸುತ್ತಾರಂತೆ! ಕಾಯಿ ಕೀಳುವ ದೋಟಿಯ ತುದಿಗೆ ಕೈಚೀಲ ಸಿಕ್ಕಿಸಿ, ಮುದ್ದೆ, ಸಾರಿನ ಡಬ್ಬಿ ಮೇಲಕ್ಕೆ ಕಳಿಸಿದೆವು.

ಅಮ್ಮ ಮೇಲೆ ಮುದ್ದೆ ನುಂಗುತ್ತಿದ್ದರೆ ಕೆಳಗೆ ನಾನು ವಿಜ್ಞಾನದ ಮಾನ ಉಳಿಸಲು ನಿಂತೆ. "ಯಂತ್ರದ್ದೇನೂ ತಪ್ಪಿಲ್ಲ! ರೇಷ್ಮೆ ಹಾಳೆಗೆ ಎಲೆಕ್ಟ್ರಾನ್ ಕೊಡುತ್ತೆ. ಕೂತಾಗ ಕೆಂಪೇ ಮಿಂಚಬೇಕು. ಬೆಳಿಗ್ಗೆ ಅಮ್ಮ ಕೂತಾಗ ಹಸಿರು ಮಿಂಚಿತು ಅಂದ್ರೆ ಬಟ್ಟೆ ಎಲೆಕ್ಟ್ರಾನ್ ಕೊಡೋ ಬದಲು ಕಿತ್ಕೊಂಡಿದೆ. ಅಂದ್ರೆ ಅದು ರೇಷ್ಮೆಯೇ ಅಲ್ಲ, ಪಾಲಿಯೆಸ್ಟರ್! ಇದನ್ನ ಬೇಕಾದ್ರೆ ಬರೆದು ಕೊಡ್ತೀನಿ, ಶುದ್ಧ ಪಾಲಿ..."

ಆ ಸೀರೆ ಆರಿಸಿದವನು ಯಾರು?

"ಅವತ್ತು ಅಂಗಡೀಲೇ ಅಂದೆ, ಇದು ರೇಷ್ಮೆ ಅಲ್ಲ ಕಣ್ಲಾ ಅಂತ" ಮೇಲಿಂದ ಆಕಾಶವಾಣಿ. "'ನಾನು ಬಿಎಸ್ಸಿ ಓದಿರೋನು, ನೀನು ಸುಮ್ಕಿರು' ಅಂದೆ. ಮದ್ವೆ ಮನೆ, ಹೋಗ್ಲಿ ಬುಡು ಅಂತ ಸುಮ್ಕಾದೆ. ಇನ್ಮೇಲೆ ನಾನು ಹತ್ತಲ್ಲ. ನೀನು ಹತ್ತಿ ಕಾಯಿ ಅಲ್ಲಾಡ್ಸು, ನಾನು ಕೆಳಗೆ ಕೂತು ಕೇಳ್ತೀನಿ. ಸೀರೆನೇ ಗೊತ್ತಾಗದೋನಿಗೆ ಕೊಬ್ಬರಿ ಗೊತ್ತಾದೀತಾ?"

ಅಂತೂ ಅಮ್ಮನ ಮಂಡಿ ಉಳಿಯಿತು. ನನ್ನ ಮಾನ ಉಳಿದಿದೆಯೇ ಎಂದು ಹೆಂಡತಿಯ ಕಡೆ ತಿರುಗಿದೆ. "ಗಾನವಿ, ನಿನಗೂ ಗೊತ್ತಿತ್ತಾ?"

ಅವಳು ದೋಟಿಯ ತುದಿಯಿಂದ ಖಾಲಿ ಡಬ್ಬಿ ಬಿಡಿಸಿಕೊಳ್ಳುತ್ತ ನಕ್ಕಳು.

"ಮೊದಲ್ನೇ ಸಲ ಒಗೆದಾಗ್ಲೇ ಗೊತ್ತಾಯ್ತು. ಅಲ್ಲಾ ರೀ, ನಿಜವಾದ ರೇಷ್ಮೆ ಆಗಿದ್ದಿದ್ರೆ ನಿಮ್ಮ ಕೈಗೆ ಕತ್ತರಿ ಕೊಡ್ತಿದ್ನಾ?"